ಕಲ್ಲುಕುಟಿಗರ ಊರಿನಲ್ಲಿ

ನಾಡಿನ ಐಶ್ವರ್ಯವನ್ನು ಎಣಿಸುವವರು ಚಿನ್ನ, ಕಬ್ಬಿಣ, ಶ್ರೀಗಂಧಗಳನ್ನು ಮೊದಲು ಹೆಸರಿಸುತ್ತಾರೆ. ಕಲ್ಲನ್ನು ಎಣಿಸುವವರು ವಿರಳ. ಆದರೂ ನಮ್ಮ ಮನೆಯ ಹೊಸ್ತಿಲು, ಅಡಿಗೆಮನೆಯ ಒರಳು, ಕೆರೆಯ ತೂಬು, ಗುಡಿಯ ಗರುಡಗಂಬ, ಹೊಲದ ಮೇರೆಗಲ್ಲು, ಇವೆಲ್ಲವೂ ಯಾರೋ ಹೆಸರಿಲ್ಲದ ಒಬ್ಬ ಕೆಲಸಗಾರನ ಉಳಿಯ ಏಟಿನಿಂದ ರೂಪುಗೊಂಡವುಗಳೇ ಸರಿ. ಆ ಕೆಲಸಗಾರನ ಇಂದಿನ ಅವಸ್ಥೆಯೇನೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದೇವನಹಳ್ಳಿ ತಾಲ್ಲೂಕಿನ ಕೊಯಿರ ಗ್ರಾಮಕ್ಕೆ ಈಚೆಗೆ ಹೋಗಿ ಬಂದೆವು. ನಂದಿಯ ಗಿರಿಸಾಲಿಗೆ ಸಮೀಪವಾದ ಈ ಸೀಮೆಯಲ್ಲಿ ಮಣ್ಣಿಗಿಂತ ಬಂಡೆಯೇ ಮೊದಲು ಕಣ್ಣಿಗೆ ಬೀಳುವುದು. ಭೂಮಿಯ ಮೇಲಿನ ಅತಿ ಪ್ರಾಚೀನ ಶಿಲೆಗಳಲ್ಲಿ ಇದೊಂದು. ಇದರ ವಯಸ್ಸು ನೂರಾರು ಕೋಟಿ ವರ್ಷಗಳೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಇಲ್ಲಿ ಕಲ್ಲಿಲ್ಲದ ಬಾಳೇ ಇಲ್ಲ. ಹಳೆಯ ಮನೆಗಳಿಗೆ ಚಪ್ಪಡಿಯೇ ಮಾಳಿಗೆ. ದ್ರಾಕ್ಷಿಯ ಚಪ್ಪರಕ್ಕೆ ಕಲ್ಲಿನ ಕಂಬವೇ ಆಸರೆ. ದನಗಳು ನೀರು ಕುಡಿಯುವುದು ಕಲ್ಲಿನ ಬಾನಿಯಲ್ಲಿ.

ಬಂಡೆಯನ್ನು ಸೀಳುವ ವಿದ್ಯೆ ಸಾಮಾನ್ಯವಾದುದಲ್ಲ. ಕಲ್ಲಿಗೂ ಮರದಂತೆಯೇ ಒಂದು ಎಳೆಯುಂಟು. ಅದನ್ನು ಗುರುತಿಸಿ, ಗೆರೆ ಹಾಕಿ, ಸಾಲಾಗಿ ಗುಳಿ ತೆಗೆದು, ಉಕ್ಕಿನ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದಕ್ಕೆ ಸಮನಾಗಿ ಚಮ್ಮಟಿಗೆಯ ಪೆಟ್ಟು ಕೊಡಬೇಕು. ಒಂದು ಬೆಣೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆಯಾದರೆ ಕಲ್ಲು ಅಡ್ಡ ಒಡೆದು ದಿನದ ಕೂಲಿಯೇ ಹೋಗುತ್ತದೆ. ಮೊಂಡಾದ ಉಳಿಗಳನ್ನು ಕುಲುಮೆಯಲ್ಲಿ ಕಾಯಿಸಿ ಹದಗೊಳಿಸುವುದೂ ಈ ವಿದ್ಯೆಯ ಒಂದು ಅಂಗವೇ.

ಇದಕ್ಕಿಂತಲೂ ಆಶ್ಚರ್ಯಕರವಾದುದು ಬೆಂಕಿಯಿಂದ ಬಂಡೆಯನ್ನು ಎಬ್ಬಿಸುವ ಕ್ರಮ. ಬೆಂಗಳೂರಿನ ಕಣಿಗಳಲ್ಲಿ ನಡೆಯುತ್ತಿದ್ದ ಈ ಕ್ರಮವನ್ನು ವಾರ್ತ್ ಎಂಬ ವಿದ್ವಾಂಸರು ೧೮೯೫ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದರು. ಬಂಡೆಯ ಮೇಲೆ ಸೌದೆಯನ್ನು ಸಾಲಾಗಿ ಉರಿಸುತ್ತ, ಆ ಬೆಂಕಿಯ ಸಾಲನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಾರೆ. ಕಾದ ಮೇಲ್ಪದರ ಹಿಗ್ಗಿ ಅಡಿಯ ಬಂಡೆಯಿಂದ ಬಿಡುತ್ತದೆ. ಉರಿಯ ಮುಂದಣ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ, ನಾದ ಕೇಳಿಯೇ ಪದರ ಬಿಟ್ಟಿತೋ ಇಲ್ಲವೋ ಎಂಬುದನ್ನು ಕೆಲಸಗಾರ ನಿರ್ಣಯಿಸುತ್ತಾನೆ. ಹೀಗೆ ೬೦ ಅಡಿ ಉದ್ದ, ೪೦ ಅಡಿ ಅಗಲ, ಅರ್ಧ ಅಡಿ ದಪ್ಪದ ಅಖಂಡ ಚಪ್ಪಡಿಗಳು ಏಳುತ್ತಿದ್ದುವಂತೆ! ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದವರ ಕಿವಿಯಲ್ಲಿದ್ದ ಶಾಸ್ತ್ರವಿದು.

ಈ ಜನರು, ವಿಶೇಷವಾಗಿ ಭೋವಿ ಸಮಾಜದವರು, ನಾಡಿಗೆ ಕೊಟ್ಟುದೇನೆಂಬುದನ್ನು ನೋಡಲು ದೂರ ಹೋಗಬೇಕಾದುದಿಲ್ಲ. ೧೯೫೧ರ ಜುಲೈ ೧೩ರಂದು ಶಂಕುಸ್ಥಾಪನೆಯಾಗಿ ೧೯೫೬ರಲ್ಲಿ ಪೂರ್ಣಗೊಂಡ ವಿಧಾನಸೌಧವು ಬೆಂಗಳೂರಿನ ಸುತ್ತಣ ಬಂಡೆಗಳಿಂದಲೇ ಎದ್ದು ನಿಂತಿದೆ. ಕೆಂಗಲ್ ಹನುಮಂತಯ್ಯನವರ ಹೆಸರನ್ನು ಜನ ಮರೆತಿಲ್ಲ, ಮರೆಯಲೂ ಬಾರದು. ಆದರೆ ಕಲ್ಲು ಕಡಿದ ಸಾವಿರಾರು ಕೈಗಳ ಸ್ಮರಣೆ ಆ ಸೌಧದೊಳಗೆ ಕುಳಿತು ಶಾಸನ ಮಾಡುವವರಿಗೆ ಉಂಟೆ?

ಊರಿನ ವೃದ್ಧರೊಬ್ಬರನ್ನು ಕೇಳಿದೆವು: “ಯಜಮಾನರೆ, ಮಕ್ಕಳು ಈ ಕೆಲಸಕ್ಕೆ ಬರುತ್ತಾರೆಯೆ?” ಅವರೆಂದರು: “ಕಲ್ಲು ನಮಗೆ ಯಾವತ್ತೂ ಅನ್ನ ಇಲ್ಲ ಅನ್ನಲಿಲ್ಲ ಸ್ವಾಮಿ. ಕಾಗದ ಇಲ್ಲ ಅನ್ನುತ್ತೆ.” ಸಮಸ್ಯೆಯ ತಿರುಳೆಲ್ಲ ಈ ಮಾತಿನಲ್ಲಿದೆ.

೨೦೧೨ರ ಫೆಬ್ರವರಿ ೨೭ರಂದು ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಚಿಕ್ಕದಾದ ಕಣಿಗಳಿಗೂ ಪರಿಸರದ ಅನುಮತಿ ಅಗತ್ಯವೆಂದು ಆಜ್ಞಾಪಿಸಿತು. ಬೆಟ್ಟಗಳನ್ನು ತುಂಡುತುಂಡಾಗಿ ಹಂಚಿಕೊಂಡು ನುಂಗುತ್ತಿದ್ದವರನ್ನು ತಡೆಯಲು ಆ ಆಜ್ಞೆ ಬೇಕಾಗಿದ್ದಿತು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ನಕ್ಷೆ, ಯೋಜನೆ, ಶುಲ್ಕಗಳನ್ನು ಹೊಂದಿಸಲು ಯಂತ್ರದೊಡೆಯನಿಗೆ ವಕೀಲರೂ ಗುಮಾಸ್ತರೂ ಇದ್ದಾರೆ. ಉಳಿ ಸುತ್ತಿಗೆಗಳೆರಡೇ ಬಂಡವಾಳವಾದವನಿಗೆ ಯಾರಿದ್ದಾರೆ? ಒಂದೇ ನಿಯಮವನ್ನು ಆನೆಗೂ ಇರುವೆಗೂ ಹೊರಿಸಿದರೆ ಅದು ಸಮತೆಯಾಗದು.

ಬೆಟ್ಟಕ್ಕೆ ನಿಜವಾದ ಅಪಾಯ ಯಾರಿಂದ? ಉಳಿಯವನು ತಲೆಮಾರುಗಟ್ಟಲೆ ಕೆತ್ತಿದರೂ ಬೆಟ್ಟ ಉಳಿದಿತ್ತು. ಸಿಡಿಮದ್ದು ಮತ್ತು ಜಲ್ಲಿಯ ಕ್ರಷರುಗಳು ಅದನ್ನು ಕೆಲವೇ ವರ್ಷಗಳಲ್ಲಿ ಹೊಂಡವಾಗಿಸಬಲ್ಲವು. ೨೦೨೧ರ ಜನವರಿ ೨೧ರಂದು ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ, ಮರುತಿಂಗಳ ೨೩ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕಲ್ಲುಕಣಿಯ ಮದ್ದು ಸ್ಫೋಟಿಸಿ ಬಡಜೀವಗಳು ಹೋದುವು. ಸಿಡಿದು ಸತ್ತವರ ಲೆಕ್ಕವಾದರೂ ಪತ್ರಿಕೆಗೆ ಬರುತ್ತದೆ. ಕಲ್ಲಿನ ದೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗದಿಂದ ಮೆಲ್ಲನೆ ಸಾಯುವವರ ಲೆಕ್ಕವನ್ನು ಇಡುವವರೇ ಕಡಿಮೆ. ಜೀತಪದ್ಧತಿಯನ್ನು ೧೯೭೬ರ ಕಾನೂನು ರದ್ದುಮಾಡಿತು. ಹಾಗಿದ್ದೂ ಕಣಿಯ ಕೂಲಿಗಾರರನ್ನು ಅದರಿಂದ ಬಿಡಿಸಲು ೧೯೮೩ರಲ್ಲಿ ಸುಪ್ರೀಂ ಕೋರ್ಟೇ ಹರಿಯಾಣದ ವ್ಯಾಜ್ಯವೊಂದರಲ್ಲಿ ಅಪ್ಪಣೆ ಕೊಡಬೇಕಾಯಿತೆಂಬುದು ದೇಶಕ್ಕೆ ನಾಚಿಕೆಗೇಡು.

ಈಗ ಮಾಡತಕ್ಕುದೇನು? ಕಟ್ಟಡದ ಕಲ್ಲಿನಂಥ ಉಪಖನಿಜಗಳ ವಿಷಯದಲ್ಲಿ ನಿಯಮ ಮಾಡುವ ಅಧಿಕಾರವನ್ನು ೧೯೫೭ರ ಕಾನೂನು ರಾಜ್ಯಗಳಿಗೇ ಕೊಟ್ಟಿದೆ. ಆದುದರಿಂದ ಹೊಣೆಯನ್ನು ದೆಹಲಿಯ ಮೇಲೆ ಹೊರಿಸಿ ಬೆಂಗಳೂರು ಕೈ ತೊಳೆದುಕೊಳ್ಳುವಂತಿಲ್ಲ. ಕೈಯಿಂದ ಕಲ್ಲು ತೆಗೆಯುವ ಕುಟುಂಬಗಳು ಸಹಕಾರ ಸಂಘವಾಗಿ ಕೂಡಿದರೆ, ಅವರಿಗೆ ಗೊತ್ತಾದ ಎಲ್ಲೆಯೊಳಗೆ ಕಣಿಗಳನ್ನು ಕೊಡಬೇಕು. ಅನುಮತಿಯ ಕಾಗದಗಳನ್ನು ಇಲಾಖೆಯೇ ಸಿದ್ಧಪಡಿಸಿ, ವೆಚ್ಚವನ್ನೂ ವಹಿಸಬೇಕು. ವರ್ಷಕ್ಕೊಮ್ಮೆ ಕೆಲಸಗಾರರ ಎದೆಯ ಪರೀಕ್ಷೆಯಾಗಬೇಕು. ಸರ್ಕಾರದ ಕಟ್ಟಡಗಳಲ್ಲಿ ಕಂಬ, ಮೆಟ್ಟಿಲು, ನೆಲಗಟ್ಟುಗಳಿಗೆ ಇವರ ಕಲ್ಲನ್ನೇ ಕೊಳ್ಳಬೇಕು. ಇಷ್ಟರ ಜೊತೆಗೆ, ಇನ್ನು ಮುಟ್ಟಬಾರದ ಬೆಟ್ಟಗಳಾವುವೆಂದು ಗೆರೆ ಎಳೆದು, ಆ ಗೆರೆಯನ್ನು ಬಲಿಷ್ಠರೂ ದಾಟದಂತೆ ಕಾಯಬೇಕು.

ಸ್ವದೇಶೀ ಎಂಬುದು ಖಾದಿಯೊಂದರಿಂದಲೇ ಮುಗಿಯುವ ವ್ರತವಲ್ಲ. ದೂರದೇಶದಿಂದ ಬಂದ ನುಣುಪಾದ ಹಾಸುಗಲ್ಲನ್ನು ಮನೆಗೆ ಹಾಸಿಕೊಳ್ಳುವ ಶ್ರೀಮಂತರೂ ತಮ್ಮ ಊರ ಬಂಡೆಯ ಬೆಲೆಯನ್ನು ಯೋಚಿಸಲಿ. ಹೋದ ಬೆಟ್ಟ ಮರಳಿ ಬೆಳೆಯುವುದಿಲ್ಲ; ಕೈತಪ್ಪಿದ ವಿದ್ಯೆಯೂ ಹಾಗೆಯೇ. ಇವೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿ ಇರುವಾಗ, ಎರಡನ್ನೂ ಕಳೆದುಕೊಂಡೆವೆಂಬ ಅಪಕೀರ್ತಿಯನ್ನು ಕನ್ನಡಿಗರು ಹೊರದಿರಲಿ.