ಪುಟ್ಟಿಯ ಎಂಜಲು ಮತ್ತು ಒಂದು ವೈರಸ್



ನಮ್ಮ ಅತ್ತಿಗೆ ಈಗ ಮೂರು ತಿಂಗಳ ಬಸುರಿ. ಹೋದ ವಾರ ಆರೋಗ್ಯ ಕೇಂದ್ರದ ಸಿಸ್ಟರ್ ಅವರಿಗೆ, "ಮಗಳು ತಿಂದು ಬಿಟ್ಟಿದ್ದನ್ನ ನೀವು ತಿನ್ನಬೇಡಿ. ಉಚ್ಚೆ ಬಟ್ಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳ್ಕೊಳಿ" ಅಂದರಂತೆ. ಮನೇಲಿ ಹೇಳಿದ್ದೇ ತಡ, ಅಜ್ಜಿಗೆ ಸಿಟ್ಟು ಬಂತು. "ಹೆತ್ತ ಕೂಸಿನ ಎಂಜಲು ತಾಯಿಗೆ ಆಗಲ್ವಂತಾ? ಪುಟ್ಟಿ ಗುಂಡುಕಲ್ಲಿನ ಹಂಗವ್ಳೆ, ಅವಳಿಗೇನು ರೋಗ?"

ಅಜ್ಜಿ ಕೇಳಿದ್ದು ನನಗೂ ಸರಿ ಅನ್ನಿಸಿತು. ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಎರಡು ದಿನ ಬಿಟ್ಟು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಬರೆದಿದ್ದೇನೆ.

ಆ ವೈರಸ್ಸಿನ ಹೆಸರು ಸೈಟೋಮೆಗಾಲೋ ವೈರಸ್. ಹೆಸರಿಗೆ ಹೆದರಬೇಡಿ, ಸಿ.ಎಂ.ವಿ. ಅಂದರೆ ಸಾಕು. ಇದು ಹೊಕ್ಕ ಜೀವಕೋಶ ಊದಿ ದೊಡ್ಡದಾಗಿ, ಸೂಕ್ಷ್ಮದರ್ಶಕದಲ್ಲಿ ಗೂಬೆ ಕಣ್ಣಿನ ಹಾಗೆ ಕಾಣುತ್ತದಂತೆ. 1960ರಲ್ಲಿ ಈ ಹೆಸರು ಕೊಟ್ಟವರು ಅಮೆರಿಕದ ಥಾಮಸ್ ವೆಲ್ಲರ್. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಇದು ಚಿಕ್ಕಂದಿನಲ್ಲೇ ತಗಲಿರುತ್ತದೆ: ಎದೆಹಾಲಿನಿಂದ, ಬೇರೆ ಮಕ್ಕಳ ಜೊಲ್ಲಿನಿಂದ. (ಹಾಗಂತ ಹಾಲು ಬಿಡಿಸಬಾರದು. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಅದರಿಂದ ತೊಂದರೆ ಆಗುವುದಿಲ್ಲ.) ಇದನ್ನು ಓದುತ್ತಿರುವ ನಿಮ್ಮ ಮೈಯಲ್ಲೂ ಇರಬಹುದು!

ಹಾಗಾದರೆ ಗೊತ್ತಾಗುವುದಿಲ್ಲ ಯಾಕೆ?

ರಾತ್ರಿ ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ಅಟ್ಟಣೆ ಮೇಲಿರುವವನು ಕೂಗುತ್ತಾನೆ, ದೊಣ್ಣೆ ಹಿಡಿದವರು ಓಡುತ್ತಾರೆ. ನಮ್ಮ ರಕ್ತದಲ್ಲೂ ಹೀಗೇ. ಬಿಳಿ ರಕ್ತಕಣಗಳಲ್ಲಿ ಟಿ ಕಣ ಅಂತ ಒಂದು ಜಾತಿ. ಅದರಲ್ಲಿ ಸಿ.ಡಿ.8 ದೊಣ್ಣೆಯವರು, ವೈರಸ್ ಹೊಕ್ಕ ಜೀವಕೋಶವನ್ನೇ ಕೊಲ್ಲುತ್ತಾರೆ. ಸಿ.ಡಿ.4 ಕೂಗುವವರು, ಉಳಿದ ಕಣಗಳನ್ನು ಎಬ್ಬಿಸಿ, ಪ್ರತಿಕಾಯ ತಯಾರಾಗಲೂ ನೆರವಾಗುತ್ತಾರೆ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಸಿ.ಎಂ.ವಿ. ತಗಲಿದ ಆರೋಗ್ಯವಂತ ಪುಟ್ಟ ಮಕ್ಕಳ ರಕ್ತವನ್ನು ದೊಡ್ಡವರ ರಕ್ತದ ಜೊತೆ ಹೋಲಿಸಿ ನೋಡಿದರು. ಮಕ್ಕಳ ದೊಣ್ಣೆಯವರು ದೊಡ್ಡವರಷ್ಟೇ ಗಟ್ಟಿ. ಆದರೆ ಕೂಗುವವರು ಈ ವೈರಸ್ಸಿನ ವಿಷಯದಲ್ಲಿ ಮಂದ, ವರ್ಷ ಕಳೆದರೂ ಮಂದ!

ದೊಣ್ಣೆಯವರು ಇರುವುದರಿಂದ ಮಗುವಿಗೆ ಜ್ವರವೂ ಇಲ್ಲದೆ ಆಡಿಕೊಂಡಿರುತ್ತದೆ. ಕೂಗುವವರು ಮಂದವಾದ್ದರಿಂದ ವೈರಸ್ ಪೂರ್ತಿ ಹತೋಟಿಗೆ ಬರದೆ ಜೊಲ್ಲಿನಲ್ಲಿ, ಮೂತ್ರದಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಹೊರಗೆ ಬರುತ್ತಿರುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಇದೇ. ಮಗು ಗುಂಡುಕಲ್ಲಿನ ಹಾಗಿರುವುದೂ ನಿಜ, ಅದರ ಎಂಜಲಲ್ಲಿ ವೈರಸ್ ಇರಬಹುದಾದ್ದೂ ನಿಜ. ಮುಂದೆ ಅದು ಅಡಗಿದರೂ ಮೈ ಬಿಟ್ಟು ಹೋಗುವುದಿಲ್ಲ, ಮೂಳೆಯ ಮಜ್ಜೆಯಲ್ಲಿ ಜೀವನಪೂರ್ತಿ ಅವಿತಿರುತ್ತದೆ.

ಹೆದರಿಕೆ ಇರುವುದು ಹೊಟ್ಟೆಯೊಳಗಿನ ಕೂಸಿಗೆ. ತಾಯಿಯಿಂದ ಅದಕ್ಕೆ ತಗಲಿದರೂ ಹೆಚ್ಚಿನ ಕೂಸುಗಳು ಚೆನ್ನಾಗೇ ಇರುತ್ತವೆ, ಆದರೆ ಕೆಲವಕ್ಕೆ ಕಿವಿ ಕೇಳಿಸದೆ ಹೋಗುತ್ತದೆ. ತಾಯಿಗೆ ಮೊದಲೇ ಬಂದುಹೋಗಿದ್ದರೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಲಸಿಕೆ ಇನ್ನೂ ಬಂದಿಲ್ಲ. ಆದರೆ ಈ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಒಡೆದು ಹಾಕುತ್ತದೆ. ಸಿಸ್ಟರ್ ಹೇಳಿದ್ದು ಅದಕ್ಕೇ.

ಇಷ್ಟನ್ನೂ ಅಜ್ಜಿಗೆ ಹೇಳಿದೆ. "ಹಂಗಾರೆ ಮಗೀನ ಮುದ್ದಾಡದೂ ಬ್ಯಾಡ್ವಾ?" ಅಂದಳು. ಎತ್ತಿಕೊಳ್ಳಬಹುದು, ತಬ್ಬಿಕೊಳ್ಳಬಹುದು, ಅತ್ತಿಗೆ ಮುತ್ತು ಕೊಡುವುದಾದರೆ ಬಾಯಿಗೆ ಬೇಡ, ಹಣೆಗೆ ಕೊಡಲಿ ಅಂದೆ. ಅಜ್ಜಿ ಮಾತಾಡಲಿಲ್ಲ. ಮಾರನೇ ದಿನದಿಂದ ಪುಟ್ಟಿ ಬಿಟ್ಟ ಅನ್ನ ಕೋಳಿಗೆ ಹೋಗುತ್ತಿದೆ.