ಬುರುಡೆಯೊಳಗಿನ ಗಾಳಿ

ಸುರಪುರ ಸೀಮೆಯ ಕಕ್ಕೇರಾದ ಸಮೀಪದಲ್ಲಿ ಕೃಷ್ಣೆಯು ಸುತ್ತುವರಿದಿರುವ ನೀಲಕಂಠರಾಯನಗಡ್ಡಿಯಿಂದ, 2014ರ ಮಳೆಗಾಲದಲ್ಲಿ ತುಂಬುಗರ್ಭಿಣಿಯೊಬ್ಬಳು, ಸುರಕ್ಷಿತವಾದ ಪ್ರಸವವನ್ನು ಬಯಸಿ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಬಂಧುಗಳ ಬೆಂಗಾವಲಿನಲ್ಲಿ ಆ ಮಹಾಪ್ರವಾಹವನ್ನು ಈಜಿ ದಾಟಿದಳು. ಅವಳ ಧೈರ್ಯದಂತೆಯೇ ಅವಳಿಗೆ ಆಸರೆಯಾದ ಬುರುಡೆಯೂ ಮನನಯೋಗ್ಯವಾದುದು; ಏಕೆಂದರೆ ಉತ್ತರಧ್ರುವ ವಲಯದ ನಿರ್ಜನ ಪ್ರದೇಶಗಳಲ್ಲಿ ಪಾದಚಾರಿಗಳು ಇಂದು ಬೆನ್ನಮೇಲೆ ಹೊತ್ತು ನಡೆಯುವ ಪ್ಯಾಕ್‌ರಾಫ್ಟ್ ಎಂಬ ಗಾಳಿದೋಣಿಗೂ ಅದೇ ತತ್ತ್ವವು ಆಧಾರವಾಗಿದೆ.

ಮುಳುಗಿದ ವಸ್ತುವನ್ನು, ಅದು ಸರಿಸಿದ ನೀರಿನ ತೂಕಕ್ಕೆ ಸಮನಾದ ಬಲವು ಮೇಲಕ್ಕೊತ್ತುವುದೆಂಬುದು ಆರ್ಕಿಮಿಡೀಸನ ಸೂತ್ರ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಅಷ್ಟೇ ಗಾಳಿಯದು ಒಂದು ಗ್ರಾಮಿಗಿಂತ ಕೊಂಚವೇ ಹೆಚ್ಚು. ಮನುಷ್ಯದೇಹದ ಸಾಂದ್ರತೆಯಾದರೋ ನೀರಿನದಕ್ಕೆ ಬಹುಮಟ್ಟಿಗೆ ಸಮಾನವಾದುದರಿಂದ, ಬುರುಡೆಗಳು ಇಡೀ ದೇಹವನ್ನು ಎತ್ತಬೇಕಾಗಿಲ್ಲ. ತಲೆಯನ್ನು ನೀರಿನ ಮೇಲಿರಿಸಿದರೆ ಸಾಕು. ಅದಕ್ಕೆ ಏಳೆಂಟು ಲೀಟರು ಗಾಳಿಯೇ ಯಥೇಷ್ಟ.

ಸಾಮಾನು ಸರಂಜಾಮಿನೊಡನೆ ದಾಟುವವನಿಗೆ ಮಾತ್ರ ದೋಣಿಯೇ ಬೇಕು. ಎರಡು ಮೀಟರು ವ್ಯಾಸದ, ಮಟ್ಟವಾದ ತಳದ ಹರಿಗೋಲು ಒಂದು ಸೆಂಟಿಮೀಟರು ತಗ್ಗಿದರೆ ಮೂವತ್ತೊಂದು ಕಿಲೋಗ್ರಾಂ ಭಾರವನ್ನು ಹೊರಬಲ್ಲುದು. ಆದರೆ ಅದನ್ನು ಹೊತ್ತು ಪರ್ವತಗಳನ್ನು ಏರಲಾಗದು. 1819ರಿಂದ 1822ರವರೆಗೆ ಕೆನಡಾದ ಉತ್ತರದಲ್ಲಿ ಸಂಚರಿಸಿದ ಜಾನ್ ಫ್ರಾಂಕ್ಲಿನ್ನನ ತಂಡವು, ಹಿಂದಿರುಗುವಾಗ ನದಿಯೊಂದನ್ನು ದಾಟಲು ದೋಣಿಯಿಲ್ಲದೆ ದಿನಗಳನ್ನು ಕಳೆದುಕೊಂಡು, ಹಸಿವಿಗೆ ಅನೇಕರನ್ನು ಬಲಿಕೊಟ್ಟಿತು. ಆ ದುರಂತವನ್ನು ಮನಸ್ಸಿಗೆ ತಂದುಕೊಂಡ ಬ್ರಿಟಿಷ್ ನೌಕಾಪಡೆಯ ಪೀಟರ್ ಹಾಲ್ಕೆಟ್ಟನು 1840ರ ದಶಕದಲ್ಲಿ, ರಬ್ಬರು ಲೇಪಿಸಿದ ಬಟ್ಟೆಯಿಂದ, ತೊಟ್ಟರೆ ನಿಲುವಂಗಿಯಾಗುವ, ಗಾಳಿಯೂದಿದರೆ ದೋಣಿಯಾಗುವ ಸಾಧನವೊಂದನ್ನು ನಿರ್ಮಿಸಿದನು. ಅವನು ರಚಿಸಿದ ಗಾಳಿದೋಣಿಯನ್ನು ಜಾನ್ ರೇ ಎಂಬ ಅನ್ವೇಷಕನು 1846–47ರ ಧ್ರುವಯಾತ್ರೆಯಲ್ಲಿ ಬಳಸಿ ಮೆಚ್ಚಿಕೊಂಡನು.

ಇಂದಿನ ಪ್ಯಾಕ್‌ರಾಫ್ಟು ಹೊರಲೇಪವುಳ್ಳ ನೈಲಾನಿನದು. ಹಗುರವಾದವು ಎರಡು ಮೂರು ಕಿಲೋಗ್ರಾಮಿನಷ್ಟೇ ತೂಗುತ್ತವೆ. ತೆಳುವಾದ ಚೀಲವೊಂದರಲ್ಲಿ ಗಾಳಿಯನ್ನು ಹಿಡಿದು, ಹಿಚುಕಿ ಹಿಚುಕಿ ದೋಣಿಯ ಅಂಚಿನ ಕೊಳವೆಗೆ ತುಂಬುವುದರಿಂದ ಯಂತ್ರದ ಹೊರೆಯೂ ತಪ್ಪುತ್ತದೆ. ಕಾಲು ಮೀಟರು ವ್ಯಾಸದ, ನಾಲ್ಕು ಮೀಟರು ಉದ್ದದ ಕೊಳವೆಯಲ್ಲಿ ಸುಮಾರು ಇನ್ನೂರು ಲೀಟರು ಗಾಳಿ ಹಿಡಿಯುವುದು: ಅದರ ತೂಕ ಕಾಲು ಕಿಲೋಗ್ರಾಂ, ಎತ್ತುವ ಶಕ್ತಿ ಇನ್ನೂರು ಕಿಲೋಗ್ರಾಂ! ಆದರೆ ದಡದ ಬಿಸಿಲಿನಲ್ಲಿ ತುಂಬಿದ ಗಾಳಿಯು ಹಿಮ ಕರಗಿ ಹರಿವ ನದಿಯಲ್ಲಿ ತಣಿದೊಡನೆ ಅದರ ಒತ್ತಡವು ಕುಗ್ಗಿ ದೋಣಿ ಮೆತ್ತಗಾಗುತ್ತದೆ. ಆದುದರಿಂದ ಅನುಭವಸ್ಥರು ಅದನ್ನು ನೀರಿಗಿಳಿಸಿ, ತಂಪಾಗಗೊಟ್ಟು, ಮತ್ತೊಮ್ಮೆ ಬಾಯಿಂದ ಊದಿದ ಮೇಲೆಯೇ ಏರುತ್ತಾರೆ. ಮಗುಚಿದರೆ ಆ ಶೀತಲಜಲವು ಕೆಲವೇ ನಿಮಿಷಗಳಲ್ಲಿ ಕೈಕಾಲುಗಳ ಬಲವನ್ನು ಹೀರಿಬಿಡುವುದರಿಂದ, ದೋಣಿಯಲ್ಲಿ ಕುಳಿತಿರುವಾಗಲೂ ಅವರು ಲೈಫ್ ಜಾಕೆಟ್ ಎಂಬ ತೇಲಂಗಿಯನ್ನು ಕಳಚುವುದಿಲ್ಲ.

ಧ್ರುವಯಾತ್ರಿಕನು ನದಿಯನ್ನು ತಾನಾಗಿ ಅರಸಿ ಹೋಗುತ್ತಾನೆ. ಗಡ್ಡಿಯ ತಾಯಿಗಾದರೋ ಅದು ಅನಿವಾರ್ಯವಾಗಿತ್ತು. ನಮ್ಮ ಹರಿಗೋಲುಗಳಲ್ಲಿ ಕುಳಿತುಕೊಳ್ಳುವ ಪ್ರತಿಯೊಬ್ಬರಿಗೂ ಒಂದೊಂದು ತೇಲಂಗಿಯಿರಬೇಕೆಂಬುದು, ಆದಕಾರಣ, ಆಡಂಬರದ ಬೇಡಿಕೆಯಲ್ಲ. ಜೀವವೊಂದನ್ನು ಉಳಿಸಲು ಏಳೆಂಟು ಲೀಟರು ಗಾಳಿ ಸಾಕೆಂಬುದನ್ನು ಬಲ್ಲ ಸಮಾಜವು, ಅಷ್ಟನ್ನು ಒದಗಿಸದೆ ಯಾರನ್ನೂ ನೀರಿಗಿಳಿಸಲಾಗದು.