ಮಲಬಾರ್ ಹಾರುವ ಕಪ್ಪೆ

ಮಲಬಾರ್ ಹಾರುವ ಕಪ್ಪೆಯು (ವೈಜ್ಞಾನಿಕ ಹೆಸರು: ರಾಕೊಫೋರಸ್ ಮಲಬಾರಿಕಸ್) ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಂಡುಬರುವ ಒಂದು ಮರಗಪ್ಪೆ. ರಾಕೊಫೋರಿಡೇ ಕುಟುಂಬಕ್ಕೆ ಸೇರಿದ ಈ ಪ್ರಭೇದವನ್ನು ಜೀವವಿಜ್ಞಾನಿ ಟಿ. ಸಿ. ಜೆರ್ಡನ್ 1870ರಲ್ಲಿ ಮೊದಲು ವಿವರಿಸಿದರು. ಅದರ ಹಿಂದಿನ ವರ್ಷವಷ್ಟೇ ಆಲ್ಫ್ರೆಡ್ ರಸೆಲ್ ವಾಲೇಸರು ತಮ್ಮ ಪ್ರವಾಸಗ್ರಂಥದಲ್ಲಿ ಬೋರ್ನಿಯೋ ದ್ವೀಪದ ಹಾರುವ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದ್ದರು.

ದೇಹರಚನೆ ಮತ್ತು ಹಾರಾಟ

ಬೆನ್ನು ಎಳೆಯ ಎಲೆಯಂತೆ ಹಸಿರು. ಕೈಕಾಲುಗಳ ಬೆರಳುಗಳ ನಡುವೆ ಕಿತ್ತಳೆಗೆಂಪು ಬಣ್ಣದ ಅಗಲವಾದ ಜಾಲಪೊರೆಯಿದೆ. ಹೆಣ್ಣು ಗಂಡಿಗಿಂತ ದೊಡ್ಡದು. ಸುಮಾರು 10 ಸೆಂ.ಮೀ. ಉದ್ದ ಬೆಳೆಯುತ್ತದೆ. ಹೆಸರಿನಲ್ಲಿ 'ಹಾರುವ' ಎಂದಿದ್ದರೂ ಇದು ಹಕ್ಕಿಯಂತೆ ಹಾರಲಾರದು. ಎತ್ತರದ ಕೊಂಬೆಯಿಂದ ನೆಗೆದು, ಬೆರಳುಗಳನ್ನು ಅಗಲಿಸಿ, ಪೊರೆಯನ್ನು ಕೊಡೆಯಂತೆ ಬಿಡಿಸಿ ಗಾಳಿಯಲ್ಲಿ ಓರೆಯಾಗಿ ಜಾರುತ್ತದೆ. ಹೀಗೆ 9ರಿಂದ 12 ಮೀಟರ್ ದೂರ ಕ್ರಮಿಸಬಲ್ಲುದು.

ನೊರೆಗೂಡು

ಸಂತಾನೋತ್ಪತ್ತಿಯ ಕಾಲ ಮುಂಗಾರು. ಆಗ ಕಪ್ಪೆಗಳು ಮರದ ತುದಿಯಿಂದ ಕೆಳಗಿಳಿದು, ನೀರಿನ ಮೇಲೆ ಬಾಗಿದ ಗಿಡಗಳಲ್ಲಿ ಸೇರುತ್ತವೆ. ಹೆಣ್ಣು ತಾನು ಸ್ರವಿಸಿದ ದ್ರವವನ್ನು ಮೊಸರು ಕಡೆದಂತೆ ಹಿಂಗಾಲುಗಳಿಂದ ಕಡೆದು ನೊರೆಯಾಗಿಸಿ, ಅದರೊಳಗೆ ಮೊಟ್ಟೆಯಿಡುತ್ತದೆ. ನೊರೆಯ ಹೊರಮೈ ಒಣಗಿದರೂ ಒಳಗಿನ ತೇವ ಆರುವುದಿಲ್ಲ. ಕೆಲವು ದಿನಗಳಲ್ಲಿ ಮರಿಗಳು ಹೊರಬಂದು ಕೆಳಗಿನ ನೀರಿಗೆ ಉದುರುತ್ತವೆ; ಮುಂದಿನ ಬೆಳವಣಿಗೆ ಗೊದಮೊಟ್ಟೆಗಳಾಗಿ ನೀರಿನಲ್ಲಿಯೇ. ಆದುದರಿಂದ ಈ ಕಪ್ಪೆಗೆ ಮರವಿದ್ದರೆ ಸಾಲದು, ಮರದ ಕೆಳಗೆ ನಿಂತ ನೀರೂ ಇರಬೇಕು. ಕಸವೆಂದು ಭಾವಿಸಿ ನೊರೆಗೂಡನ್ನು ಕೋಲಿನಿಂದ ಕೆಡವುವವರಿದ್ದಾರೆ. ಹಾಗೆ ಕೆಡವಿದರೆ ಒಂದು ಇಡೀ ಸಂತತಿಯೇ ನಾಶವಾದಂತೆ.

ಆವಾಸ

ಸುಳ್ಯ ತಾಲೂಕಿನ ಬೆಳ್ಳಾರೆಯಿಂದ ಸುಬ್ರಹ್ಮಣ್ಯದ ಕಡೆಗೆ ಸಾಗಿದಂತೆ ಅಡಿಕೆ ತೋಟಗಳ ಹಿಂದೆ ಘಟ್ಟದ ಕಾಡು ದಟ್ಟವಾಗುತ್ತದೆ. ಕುಮಾರಪರ್ವತ, ಬಿಸಿಲೆ ಮೊದಲಾದೆಡೆಗಳ ಈ ಮಳೆಕಾಡು ಮರಗಪ್ಪೆಗಳ ಸಹಜ ನೆಲೆ. ಹಾರುವ ಕಪ್ಪೆಯು ಕಾಡಂಚಿನ ತೋಟಗಳಿಗೂ ಬರುತ್ತದೆ. ತೋಟದ ಕೆರೆ, ನೀರಿನ ತೊಟ್ಟಿಗಳ ಮೇಲಿನ ಎಲೆಗಳೂ ಅದಕ್ಕೆ ಗೂಡಿನ ತಾಣಗಳೇ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಕನಿಷ್ಠ ಕಾಳಜಿಯ ಪ್ರಭೇದವೆಂದು ಗುರುತಿಸಿದೆ. ಆದರೆ ಕಾಡು ಕಡಿದಲ್ಲಿ, ಕೆರೆ ಮುಚ್ಚಿದಲ್ಲಿ ಇದು ಉಳಿಯದು. ತೋಟಗಳಲ್ಲಿ ಇನ್ನೊಂದು ತೊಡಕಿದೆ. ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದೂ ಮಳೆಗಾಲದಲ್ಲಿಯೇ: ಆರಂಭದಲ್ಲಿ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ. ಮೈಲುತುತ್ತಿನಲ್ಲಿರುವ ತಾಮ್ರವು ಗೊದಮೊಟ್ಟೆಗಳಿಗೆ ವಿಷ. ಮದ್ದು ಬಿಡದೆ ಅಡಿಕೆ ಕೃಷಿಕನಿಗೆ ಗತಿಯಿಲ್ಲವೆಂಬುದೂ ನಿಜವೇ. ಮದ್ದಿನ ಡ್ರಮ್ಮು, ಪಂಪುಗಳನ್ನು ಕೆರೆಯಲ್ಲಿ ತೊಳೆಯದೆ ದೂರದಲ್ಲಿ ತೊಳೆದರೆ ನೀರಿಗೆ ಸೇರುವ ತಾಮ್ರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.